ಪಂಚಾಯತ್ ಖರೀದಿ ಪಟ್ಟಿಯಲ್ಲಿ ಬಿದಿರ ಬುಟ್ಟಿಗೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಜಪಾನಿನ ಕೈಹೆಣಿಗೆಯ ಬಿದಿರ ಬುಟ್ಟಿಗಳ ಕುರಿತು ಪ್ರಕಟವಾದ ಸಚಿತ್ರ ಬರಹವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಸೊಗಸಾಗಿದ್ದವು. ಆದರೆ ಬರಹದುದ್ದಕ್ಕೂ ಆ ಬುಟ್ಟಿಗಳನ್ನು ಕಲಾಕೃತಿಗಳೆಂದೇ ಕರೆದು, ಹಜಾರದ ಮೂಲೆಯಲ್ಲಿ ಹೂವಿಟ್ಟು ಅಲಂಕರಿಸುವ ವಸ್ತುಗಳಂತೆ ಬಣ್ಣಿಸಿದ್ದರಿಂದ ಮುಖ್ಯವಾದ ಸಂಗತಿಯೊಂದು ಮರೆಯಾಯಿತೆಂದು ನನಗೆ ಅನಿಸಿತು. ಹೂವಿನ ಬುಟ್ಟಿ ಹೆಣೆಯುವ ದೊಡ್ಡ ಕಲಾವಿದರು ಅಲ್ಲಿ ಆಗಿಹೋಗಿರುವುದು ನಿಜ. ಆದರೂ ಆ ದೇಶದಲ್ಲಿ ಬಿದಿರಿನ ಕಸುಬನ್ನು ಇಷ್ಟು ಕಾಲ ಹೊತ್ತು ತಂದದ್ದು ತರಕಾರಿ ತೊಳೆಯುವ, ಬೇಯಿಸಿದ ಶ್ಯಾವಿಗೆ ಬಸಿಯುವ, ಪೇಟೆಯಿಂದ ಸಾಮಾನು ತರುವ ದಿನಬಳಕೆಯ ಬುಟ್ಟಿಗಳು. ಬುಟ್ಟಿ ಹೆಣೆಯುವ ಕೈಗಳು ಇನ್ನೂ ಉಳಿದಿರುವ ನಮ್ಮ ಕಾಸರಗೋಡು ಜಿಲ್ಲೆಯವರು ಗಮನಿಸಬೇಕಾದದ್ದು ಇದನ್ನೇ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಜಪಾನಿನ ಕ್ಯೂಶೂ ದ್ವೀಪದ ಓಯಿತಾ ಪ್ರಾಂತದಲ್ಲಿ ಬೆಪ್ಪು ಎಂಬ ಬಿಸಿನೀರಿನ ಬುಗ್ಗೆಗಳ ಊರಿದೆ. ಮೈಕೈ ನೋವಿನವರು, ಹಳೆಯ ಕಾಯಿಲೆಯವರು ಅಲ್ಲಿಗೆ ಬಂದು ದಿನಗಟ್ಟಲೆ ತಂಗಿ, ಬುಗ್ಗೆಯಲ್ಲಿ ಮಿಂದು, ತಮ್ಮ ಅಡುಗೆಯನ್ನು ತಾವೇ ಮಾಡಿಕೊಂಡಿರುತ್ತಿದ್ದರು. ಅವರಿಗೆ ಬೇಕಾದ ಅಡುಗೆಮನೆಯ ಬುಟ್ಟಿಗಳನ್ನು ಊರಿನವರು ಹೆಣೆದು ಮಾರಿದರು. ಬಂದವರು ಹಿಂದಿರುಗುವಾಗ ಅವನ್ನು ತಮ್ಮ ಮನೆಗಳಿಗೂ ಒಯ್ದುದರಿಂದ ಬೆಪ್ಪುವಿನ ಬುಟ್ಟಿ ದೂರದೂರದಲ್ಲಿಯೂ ಹೆಸರಾಯಿತು. 1902ರಲ್ಲಿ ಅಲ್ಲಿ ಕಸುಬು ಕಲಿಸುವ ಶಾಲೆ ತೆರೆಯಿತು. ಇಂದಿಗೂ ಪ್ರಾಂತದ ಆಡಳಿತವೇ ನಡೆಸುವ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಕುಳಿತು, ಬಿದಿರು ಸೀಳುವಲ್ಲಿಂದ ತೊಡಗಿ ಅಂಚು ಕಟ್ಟುವವರೆಗಿನ ಎಲ್ಲ ಕೆಲಸವನ್ನು ಕಲಿಯಲು ಅವಕಾಶವಿದೆ. ಬೆಪ್ಪುವಿನಲ್ಲಿ ಕಸುಬು ನಡೆಸಿದ ಶೋನೋ ಶೋಉನ್‌ಸಾಯ್ ಅವರಿಗೆ 1967ರಲ್ಲಿ, ಬಿದಿರಿನ ಕೆಲಸದವರಲ್ಲಿ ಮೊದಲಿಗರಾಗಿ, ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಹೆಸರಾದ ಸರಕಾರಿ ಮನ್ನಣೆ ದೊರೆಯಿತು.

ಆ ಮನ್ನಣೆಗಿಂತಲೂ ನಾನು ಹೆಚ್ಚು ತೂಕ ಕೊಡುವುದು ಸಾಂಪ್ರದಾಯಿಕ ಕರಕುಶಲ ಉದ್ಯಮಗಳ ಪ್ರೋತ್ಸಾಹಕ್ಕಾಗಿ 1974ರಲ್ಲಿ ಅಲ್ಲಿ ಜಾರಿಗೆ ಬಂದ ಕಾನೂನಿಗೆ. ಯಾವುದೇ ವಸ್ತು ಈ ಕಾನೂನಿನಡಿ ಪರಿಗಣಿತವಾಗಬೇಕಾದರೆ ಅದು ಮುಖ್ಯವಾಗಿ ದಿನನಿತ್ಯದ ಬದುಕಿನಲ್ಲಿ ಬಳಕೆಯಾಗುವ ವಸ್ತುವಾಗಿರಬೇಕು ಎಂಬುದೇ ಮೊದಲ ಷರತ್ತು. ಕೈಯಿಂದ ತಯಾರಾಗಿರಬೇಕು, ವಿಧಾನವೂ ಕಚ್ಚಾವಸ್ತುವೂ ತಲೆಮಾರುಗಳಿಂದ ಬಂದವಾಗಿರಬೇಕು, ಒಂದು ಪ್ರದೇಶದಲ್ಲಿ ಸಾಕಷ್ಟು ಮಂದಿ ಅದನ್ನೇ ಕಸುಬಾಗಿಸಿಕೊಂಡಿರಬೇಕು ಎಂಬ ನಿಯಮಗಳು ಅನಂತರದವು. ಬೆಪ್ಪುವಿನ ಬಿದಿರ ಕೆಲಸ 1979ರಲ್ಲಿ ಈ ಪಟ್ಟಿಗೆ ಸೇರಿತು. ನಮ್ಮಲ್ಲಿ ನಡೆಯುವ ಕರಕುಶಲ ಮೇಳಗಳನ್ನು ನೋಡಿದವರಿಗೆ ಇದರ ವ್ಯತ್ಯಾಸ ಕೂಡಲೇ ತಿಳಿದೀತು. ಹೆಡಿಗೆ (ಹೊರುವ ಬುಟ್ಟಿ), ತಡ್ಪೆ (ಮೊರ) ಹೆಣೆಯಬಲ್ಲ ಹೆಂಗಸಿನಿಂದ ಪೆನ್ ಸ್ಟ್ಯಾಂಡ್, ದೀಪದ ಬುರುಡೆಯ ಹೊದಿಕೆ, ಪುಟಾಣಿ ಎತ್ತಿನಗಾಡಿ ಮಾಡಿಸಿ ಮೇಜಿನ ಮೇಲೆ ಸಾಲಾಗಿ ಜೋಡಿಸುವುದನ್ನೇ ನಾವು ಕಸುಬಿನ ಅಭಿವೃದ್ಧಿ ಎಂದು ತಿಳಿದಿದ್ದೇವೆ. ಅಂಥದ್ದನ್ನು ಒಬ್ಬ ಗಿರಾಕಿ ಒಂದು ಸಲ ಕೊಂಡಾನು. ಅದು ಹಳತಾಯಿತು, ಇನ್ನೊಂದು ಬೇಕು ಎಂದು ಮರುವರ್ಷ ಹುಡುಕಿಕೊಂಡು ಬರುವವನಲ್ಲ.

ನನ್ನ ತಂಗಿಯ ಮಗಳು ಜಪಾನಿನಲ್ಲಿ ಉದ್ಯೋಗದಲ್ಲಿದ್ದು, ರಜೆಯಲ್ಲಿ ಬಂದಾಗ ಅಲ್ಲಿನವರು ‘ಜರು’ ಎನ್ನುವ ಬಸಿಯುವ ಬುಟ್ಟಿಯೊಂದನ್ನು ತಂದಿದ್ದಳು. ಅದು ನಮ್ಮ ಅಡುಗೆಮನೆಯಲ್ಲಿ ಹರಿವೆ ಸೊಪ್ಪು ತೊಳೆಯುವುದಕ್ಕೂ ನೆನೆಹಾಕಿದ ಉದ್ದು ಬಸಿಯುವುದಕ್ಕೂ ದಿನವೂ ಬಳಕೆಯಾಗುತ್ತಿರುವುದರಿಂದ ಅದರ ಗುಣವನ್ನು ಹೇಳಬಲ್ಲೆ. ಮದಕೆ ಎಂಬ ಜಾತಿಯ ಬಿದಿರಿನ ತೆಳುವಾದ ಸೀಳುಗಳಿಂದ ಅದನ್ನು ಹೆಣೆದಿದ್ದಾರೆ. ಒಳಮೈ ಮೇಲೆ ಅಂಗೈ ಒತ್ತಿ ಎಳೆದರೂ ಸಿಬಿರು ಚುಚ್ಚುವುದಿಲ್ಲ. ಇದಕ್ಕೆ ಕಾರಣ ಹೆಣಿಗೆಯಲ್ಲಿಲ್ಲ, ಹೆಣೆಯುವ ಮೊದಲಿನ ಕೆಲಸದಲ್ಲಿದೆ. ಮರದ ತುಂಡಿಗೆ ಎರಡು ಚಿಕ್ಕ ಅಲಗುಗಳನ್ನು ಬೇಕಾದಷ್ಟು ಅಂತರದಲ್ಲಿ ನೆಟ್ಟು, ಪ್ರತಿ ಸೀಳನ್ನು ಅವುಗಳ ನಡುವಿನಿಂದ ಎಳೆದು ಒಂದೇ ಅಗಲಕ್ಕೆ ತರುತ್ತಾರೆ; ಆಮೇಲೆ ಒಳಬದಿಯನ್ನು ಹೆರೆದು ದಪ್ಪವನ್ನು ಸಮಮಾಡುತ್ತಾರೆ; ಕೊನೆಗೆ ಎರಡೂ ಅಂಚುಗಳ ಮೊನೆಯನ್ನು ಮತ್ತೊಂದು ಜೋಡಿ ಅಲಗಿನಿಂದ ಓರೆಯಾಗಿ ಕೆತ್ತಿ ತೆಗೆಯುತ್ತಾರೆ. ಹೆಣೆಯುವುದಕ್ಕಿಂತ ಈ ಸಿದ್ಧತೆಗೇ ಹೆಚ್ಚು ಹೊತ್ತು ಬೇಕಾಗುತ್ತದೆಯಂತೆ. ಬಾಯಿಯ ಸುತ್ತ ಒಳಗೊಂದು ಹೊರಗೊಂದು ದಪ್ಪ ದಬ್ಬೆಯನ್ನಿಟ್ಟು ಬೆತ್ತದ ಎಳೆಯಿಂದ ಬಿಗಿದಿರುವುದರಿಂದ ನೀರು ತುಂಬಿದ ಸೊಪ್ಪನ್ನು ಎತ್ತಿ ಕೊಡಹಿದರೂ ಅಂಚು ಸಡಿಲುವುದಿಲ್ಲ.

ಈಗ ನಮ್ಮ ಬುಟ್ಟಿಯ ವಿಚಾರಕ್ಕೆ ಬರುತ್ತೇನೆ. ಬದಿಯಡ್ಕ, ಪೆರ್ಲ, ಮಂಜೇಶ್ವರದ ಸುತ್ತಮುತ್ತ, ಅಸ್ಪೃಶ್ಯತೆಗೆ ಗುರಿಯಾಗುತ್ತ ಬಂದ ಆದಿವಾಸಿ ಕೊರಗ ಸಮುದಾಯದವರು ಹೆಣೆಯುವ ಹೆಡಿಗೆ, ಕುರುವೆ, ಅನ್ನ ಬಸಿಯುವ ಕುಡ್ಪುಗಳನ್ನು ಬಳಸದೆ ಬೆಳೆದವರು ನನ್ನ ವಯಸ್ಸಿನವರಲ್ಲಿ ಯಾರೂ ಇಲ್ಲ. ಗೊಬ್ಬರ ಹೊತ್ತದ್ದು, ಅಡಕೆ ಹೆಕ್ಕಿ ತಂದದ್ದು, ಜಾತ್ರೆಯ ಸಂತರ್ಪಣೆಯಲ್ಲಿ ಬಿಸಿ ಅನ್ನ ತುಂಬಿ ಪಂಕ್ತಿಗೆ ಒಯ್ದದ್ದು ಎಲ್ಲವೂ ಹೆಡಿಗೆಯಲ್ಲಿಯೇ. ಹೆಣೆಯುವವರು ಒಂದೇ ಕತ್ತಿಯಿಂದ ಬಿದಿರನ್ನು ಸೀಳಿ, ಗಟ್ಟಿಯಾದ ಹೊರಪದರವನ್ನು ಬುಡಕ್ಕೂ ಬಾಯಿಗೂ ಮೀಸಲಿಟ್ಟು, ಕಾಲ್ಬೆರಳಿನಲ್ಲಿ ಸೀಳಿನ ತುದಿ ಹಿಡಿದು ಹೆರೆಯುವುದನ್ನು ಹತ್ತಿರ ಕುಳಿತು ನೋಡಿದವರಾರೂ ಈ ಕೈಗಳಿಗೆ ಕೌಶಲ ಸಾಲದೆಂದು ಹೇಳಲಾರರು. ಬಿದಿರು ಸಿಗದಿದ್ದಲ್ಲಿ ಕಾಡಿನ ಬಳ್ಳಿಯಿಂದಲೇ ಬುಟ್ಟಿ ಹೆಣೆಯುವ ವಿದ್ಯೆಯೂ ಅವರಲ್ಲಿದೆ. ನಮ್ಮ ಹೆಡಿಗೆಯ ಅಂಚು ಒರಟಾಗಿರುವುದು ನಿಜ. ಆದರೆ ಸಂತೆಯಲ್ಲಿ ಇಟ್ಟ ಬೆಲೆಯಲ್ಲಿ ಅರ್ಧಕ್ಕೆ ಕೇಳಿ, ಕೊನೆಗೆ ‘ಪ್ಲಾಸ್ಟಿಕ್‌ದು ಇದಕ್ಕಿಂತ ಕಡಿಮೆಗೆ ಸಿಗುತ್ತದೆ’ ಎಂದು ಎದ್ದುಹೋಗುವ ಗಿರಾಕಿಗೋಸ್ಕರ ಪ್ರತಿ ಸೀಳಿನ ಮೊನೆ ತೆಗೆಯುತ್ತಾ ಇನ್ನರ್ಧ ದಿನ ಕೂರಬೇಕೆಂದರೆ ಹೊಟ್ಟೆಗೇನು ಮಾಡುವುದು?

ಬೆಲೆಯ ಹಿಂದೆ ಜಾತಿಯಿದೆ ಎಂಬುದನ್ನು ಇಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಬುಟ್ಟಿಯನ್ನು ಅಗ್ಗ ಮಾಡಿದ್ದು ಬಿದಿರಲ್ಲ, ಅದನ್ನು ಹೆಣೆದವರನ್ನು ನಾವು ನಿಲ್ಲಿಸಿದ ಜಾಗ. ಜಪಾನಿನಲ್ಲಿ ಇಂಥದ್ದೇನೂ ಇರಲಿಲ್ಲ, ಅಲ್ಲಿ ಶ್ರಮಕ್ಕೆ ಮೊದಲಿನಿಂದಲೇ ಗೌರವವಿತ್ತು ಎಂದು ಕೆಲವರು ವಾದಿಸುತ್ತಾರೆ, ಅದು ಸರಿಯಲ್ಲ. ಅಲ್ಲಿಯೂ ಕೆಲವು ಪ್ರದೇಶಗಳಲ್ಲಿ ಬಿದಿರಿನ ಕೆಲಸ ಸಮಾಜ ಕೀಳಾಗಿ ಕಂಡ ಸಮುದಾಯಗಳ ಪಾಲಿಗೆ ಬಿಟ್ಟ ಕೆಲಸವಾಗಿತ್ತು. ಅದನ್ನು ದಾಟಲು ಅಲ್ಲಿ ಶಾಲೆ, ಕಾನೂನು ಎರಡೂ ಬೇಕಾದವು. ಟೋಕಿಯೋದಲ್ಲಿ 1936ರಲ್ಲಿ ಜನಪದ ಕರಕುಶಲ ವಸ್ತುಸಂಗ್ರಹಾಲಯವನ್ನು ತೆರೆದ ಯಾನಗಿ ಸೋಎತ್ಸು ಅವರಂಥವರು, ಹೆಸರಿಲ್ಲದ ಕೈಗಳು ಬಳಕೆಗೆಂದು ಮಾಡಿದ ವಸ್ತುವಿನಲ್ಲಿಯೇ ಚೆಲುವಿದೆ ಎಂದು ವರ್ಷಗಟ್ಟಲೆ ಬರೆದು ತಿಳಿಹೇಳಬೇಕಾಯಿತು. ಅಷ್ಟಾದರೂ ಪ್ಲಾಸ್ಟಿಕ್ಕೂ ಅಗ್ಗದ ಆಮದು ಬುಟ್ಟಿಗಳೂ ಅಲ್ಲಿನ ಹೆಣಿಗೆಯವರನ್ನು ಬಹಳಷ್ಟು ಕುಗ್ಗಿಸಿವೆ. ಇಂದು ಅಲ್ಲಿಯೇ ಹೆಣೆದ ಬುಟ್ಟಿ ಎಲ್ಲರ ಕೈಗೆಟಕುವ ವಸ್ತುವೇನೂ ಅಲ್ಲ. ಹಾಗಾಗಿ ಜಪಾನನ್ನು ಸ್ವರ್ಗವೆಂದು ತೋರಿಸುವುದು ನನ್ನ ಉದ್ದೇಶವಲ್ಲ.

ನಮ್ಮ ಮನೆಗಳಿಂದ ಬುಟ್ಟಿ ಮರೆಯಾಗಲು ಪ್ಲಾಸ್ಟಿಕ್ಕಿನ ಅಗ್ಗದ ಬೆಲೆಯ ಜೊತೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಹಿಂದೆ ಬುಟ್ಟಿ, ತಡ್ಪೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆವು. ಹೊಗೆ ಕುಡಿದು ಕಪ್ಪಾದ ಬಿದಿರಿಗೆ ಆಷಾಢದ ಮಳೆಯಲ್ಲಿಯೂ ಬೂಸ್ಟು ಹಿಡಿಯುತ್ತಿರಲಿಲ್ಲ, ಕುಟ್ಟೆ ಹುಳವೂ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಒಲೆ ಬಂದು ಹೊಗೆ ಹೋಯಿತು. ಒಂದೇ ಮಳೆಗಾಲದಲ್ಲಿ ಬುಟ್ಟಿಯಿಂದ ಹಿಟ್ಟು ಉದುರಲಾರಂಭಿಸಿದರೆ ಮನೆಯಾಕೆ ಮತ್ತೊಂದನ್ನು ಕೊಳ್ಳುವಳೇ? ಬಿದಿರಿನೊಳಗಿನ ಪಿಷ್ಟವೇ ಈ ಹುಳಕ್ಕೆ ಆಹಾರ. ಜಪಾನಿನಲ್ಲಿ ಪಿಷ್ಟವೂ ರಸವೂ ಕಡಿಮೆಯಾಗುವ ಶರತ್ಕಾಲದ ಕೊನೆಗೆ, ಚಳಿಗಾಲದಲ್ಲಿ ಬಿದಿರು ಕಡಿಯುತ್ತಾರೆ. ಬೆಂಕಿಯ ಶಾಖಕ್ಕೆ ಹಿಡಿದೋ ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿಯೋ ಅದರ ಎಣ್ಣೆಯಂಶವನ್ನು ತೆಗೆದು, ದಂತದ ಬಣ್ಣ ಬರುವವರೆಗೆ ಬಿಸಿಲಿಗೆ ಒಣಗಿಸುತ್ತಾರೆ. ನಮ್ಮ ಹಿರಿಯರು ಕೃಷ್ಣಪಕ್ಷ ನೋಡಿ ಬಿದಿರು ಕಡಿದು ತೋಡಿನ ನೀರಿನಲ್ಲಿ ಮುಳುಗಿಸಿಡುತ್ತಿದ್ದುದೂ ಇದೇ ಉದ್ದೇಶಕ್ಕೆ. ಈಗ ಬೇಕಾದದ್ದು ಹೆಣೆಯುವವರ ವಸತಿಯ ಬಳಿ ಒಂದು ಮಾಡು (ಸೂರು), ಒಂದು ದೊಡ್ಡ ಕೊಪ್ಪರಿಗೆ, ಅಡಕೆ ಒಣಗಿಸುವ ತಿಂಗಳುಗಳಲ್ಲಿ ಒಂದಿಷ್ಟು ಅಂಗಳದ ಬಿಸಿಲು. ಲಕ್ಷಗಟ್ಟಲೆಯ ಯಂತ್ರ ತಂದು ಬೀಗ ಹಾಕಿಡುವ ಯೋಜನೆಗಿಂತ ಇದು ಅಗ್ಗ.

ಕಚ್ಚಾವಸ್ತುವಿನ ಬಗ್ಗೆಯೂ ಒಂದು ಮಾತು. ಮುಳ್ಳುಬಿದಿರಿನ ಮೆಳೆಗಳು ಹೂಬಿಟ್ಟು ಸತ್ತುವು, ಗುಡ್ಡೆಗಳಿಗೆ ರಬ್ಬರ್ ಬಂತು, ತೋಡಿನ ಬದಿಯ ಬಿದಿರು ಮಣ್ಣು ಅಗೆಯುವ ಯಂತ್ರಗಳ ಪಾಲಾಯಿತು. ಜಪಾನಿನಲ್ಲಿಯೂ ಸುಮಾರು 120 ವರ್ಷಗಳಿಗೊಮ್ಮೆ ಹೂಬಿಡುವ ಮದಕೆ ಬಿದಿರು 1960ರ ದಶಕದಲ್ಲಿ ವ್ಯಾಪಕವಾಗಿ ಹೂಬಿಟ್ಟು ಒಣಗಿದಾಗ ಹೆಣೆಯುವವರಿಗೆ ಬಿದಿರು ಸಿಗುವುದೇ ಕಷ್ಟವಾಗಿತ್ತು. ನಮ್ಮಲ್ಲಿ ಕಾನೂನಿನ ದಾರಿ ಈಗ ಹಿಂದಿಗಿಂತ ಸಲೀಸಾಗಿದೆ. ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಿದಿರು ಮರದ ಪಟ್ಟಿಯಿಂದ ಹೊರಬಂದಿದ್ದು, ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಆ ಕಾಯ್ದೆಯ ತೊಡಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಂತೂ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿಯೇ ಹೇಳಿದೆ. ಪಂಚಾಯತ್‌ಗಳು ಉದ್ಯೋಗ ಖಾತರಿಯಲ್ಲಿ ತೋಡಿನ ಬದಿಗೆ ಬಿದಿರು ನೆಡಿಸಿ, ಕಡಿಯುವ ಹಕ್ಕನ್ನು ಹೆಣೆಯುವ ಕುಟುಂಬಗಳಿಗೇ ಬರೆದುಕೊಟ್ಟರೆ ಆಯಿತು.

ನನ್ನ ಮುಖ್ಯ ಬೇಡಿಕೆ ಖರೀದಿಗೆ ಸಂಬಂಧಿಸಿದ್ದು. ನಮ್ಮ ಗ್ರಾಮ ಪಂಚಾಯತ್‌ಗಳು ಶಾಲೆಯ ಮಧ್ಯಾಹ್ನದೂಟದ ಅಡುಗೆಮನೆಗೂ ಅಂಗನವಾಡಿಗೂ ವರ್ಷ ವರ್ಷವೂ ಪಾತ್ರೆಪರಡಿ ಕೊಳ್ಳುತ್ತವೆ. ಆ ಪಟ್ಟಿಯಲ್ಲಿ ಅನ್ನ ಬಸಿಯುವ ಬುಟ್ಟಿ, ತರಕಾರಿ ತೊಳೆಯುವ ಬುಟ್ಟಿ, ಅಕ್ಕಿ ಗೇರುವ ತಡ್ಪೆ ಇವುಗಳನ್ನು ಸೇರಿಸಬೇಕು. ಕುದಿಯುವ ಕುಚ್ಚಲಕ್ಕಿ ಅನ್ನವನ್ನು ಪ್ಲಾಸ್ಟಿಕ್ ಜಾಲರಿಗೆ ಸುರಿದು ಮಕ್ಕಳಿಗೆ ಬಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಶುಚಿತ್ವದ ಪ್ರಶ್ನೆ ಎತ್ತುವವರಿಗೆ ಉತ್ತರ ಸರಳವಾಗಿದೆ: ಪ್ರತಿ ಅಡುಗೆಮನೆಗೆ ಎರಡೆರಡು ಕೊಟ್ಟು, ಬಳಸಿದ್ದನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದು ಗಾಳಿಯಾಡುವಲ್ಲಿ ಒಣಗಲು ಬಿಟ್ಟು, ಮರುದಿನ ಇನ್ನೊಂದನ್ನು ಬಳಸಿದರಾಯಿತು. ಕೇರಳದಲ್ಲಿ 2020ರ ಜನವರಿಯಿಂದ ಏಕಬಳಕೆಯ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಶಾಲಾ ಕಲೋತ್ಸವಗಳಲ್ಲಿ ಹಸಿರು ಸಂಹಿತೆಯೆಂದು ಓಲೆಯ ಬುಟ್ಟಿಗಳನ್ನು ಕಸ ಹಾಕಲು ಇಡುತ್ತೇವೆ. ಕಸಕ್ಕೆ ಸಲ್ಲುವ ಬುಟ್ಟಿ ಅನ್ನಕ್ಕೂ ಸಲ್ಲಲಿ.

ಇಂಥ ಖರೀದಿಗೆ ಅಡ್ಡಬರುವುದು ಕಾಗದಪತ್ರ. ಮೂರು ಕೊಟೇಶನ್, ಜಿಎಸ್‌ಟಿ ಬಿಲ್ಲು ಇಲ್ಲದೆ ಹಣ ಪಾವತಿಸಿದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆಂದು ಸಿಬ್ಬಂದಿ ಹೆದರುತ್ತಾರೆ. ಬುಟ್ಟಿ ಹೆಣೆಯುವ ಅಜ್ಜಿ ಅವನ್ನೆಲ್ಲ ಎಲ್ಲಿಂದ ತಂದಾಳು? ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಟನೆಯ ಘಟಕದ ಮೂಲಕ ಒಟ್ಟಾಗಿ ಕೊಳ್ಳುವ ಏರ್ಪಾಡು ಮಾಡಿ, ಬುಟ್ಟಿಯ ಬಾಯಿ ಎಷ್ಟು ಗೇಣು ಎಂಬುದನ್ನು ನೋಡಿ ಬೆಲೆಯನ್ನು ಊರುಕೂಟದಲ್ಲಿ (ಆದಿವಾಸಿ ಕುಟುಂಬಗಳ ಸಭೆಯಲ್ಲಿ) ಹೆಣೆಯುವವರೊಂದಿಗೇ ಕುಳಿತು ನಿಶ್ಚಯಿಸಬೇಕು. ಮೊನೆ ತೆಗೆದು ನಯಮಾಡಿದ ಬುಟ್ಟಿಗೆ ಬೇರೆಯೇ ದರವಿರಬೇಕು. ತರಬೇತಿ ನಡೆಸುವುದಾದರೆ ಪೇಟೆಯಿಂದ ಬಂದ ವಿನ್ಯಾಸಕಾರರು ಎರಡು ದಿನ ಪಾಠ ಹೇಳಿ ಹೋಗುವ ಕ್ರಮವನ್ನು ಬಿಟ್ಟು, ಹೆಣೆಯಬಲ್ಲವರನ್ನೇ ಸಂಬಳ ಕೊಟ್ಟು ಶಿಕ್ಷಕರನ್ನಾಗಿ ಕೂರಿಸಬೇಕು. ಶಾಲೆಗಳ ವೃತ್ತಿ ಪರಿಚಯ ಮೇಳಕ್ಕೆ ಮಕ್ಕಳನ್ನು ತಯಾರು ಮಾಡುವ ಅಧ್ಯಾಪಕರೂ ಅವರ ಬಳಿ ಕುಳಿತು ಕಲಿಯಬಹುದು.

ತಮ್ಮ ಪತ್ರಿಕೆಯಿಂದಲೂ ಒಂದು ಸಹಾಯ ಆಗಬಹುದು. ದಿನವೂ ಅಡಕೆ, ಕಾಳುಮೆಣಸು, ತೆಂಗಿನಕಾಯಿಗಳ ಧಾರಣೆಯನ್ನು ಪ್ರಕಟಿಸುತ್ತೀರಿ. ಊರುಕೂಟಗಳು ದರ ನಿಶ್ಚಯಿಸಿದ ಬಳಿಕ ಅದೇ ಅಂಕಣದ ಕೆಳಗೆ ವಾರಕ್ಕೊಮ್ಮೆ ಹೆಡಿಗೆ, ಕುರುವೆ, ತಡ್ಪೆಗಳ ಧಾರಣೆಯನ್ನೂ ಅಚ್ಚುಹಾಕಿದರೆ, ಸಂತೆಯಲ್ಲಿ ಅರ್ಧ ಬೆಲೆಗೆ ಕೇಳುವವರ ಮುಂದೆ ಆ ಪುಟವನ್ನು ತೋರಿಸಲು ಹೆಣೆಯುವವರಿಗೆ ಅನುಕೂಲವಾಗುತ್ತದೆ.

ಇತಿ,
ಓರ್ವ ಓದುಗ,
ಬದಿಯಡ್ಕ, ಕಾಸರಗೋಡು ಜಿಲ್ಲೆ