ಬಣ್ಣಕ್ಕೂ ನೆರೆಹೊರೆ ಇದೆ ಮಗಳೇ

ದಾವಣಗೆರೆ
ಭಾನುವಾರ

ಮುದ್ದು ಮಗಳಿಗೆ,

ಮೊನ್ನೆ ನೀನು ಮೈಸೂರಿನಿಂದ ಫೋನ್ ಮಾಡಿದಾಗ ಅಂಗಡಿ ತುಂಬ ಗಿರಾಕಿಗಳಿದ್ದರು. "ಅವ್ವಾ, ಪೇಂಟಿಂಗ್ ಮೇಷ್ಟ್ರು ಕೆಂಪು, ಹಳದಿ, ನೀಲಿ ಮೂಲಬಣ್ಣ ಅಂತಾರೆ. ಕಂಪ್ಯೂಟರ್ ಕ್ಲಾಸಿನಲ್ಲಿ ಕೆಂಪು, ಹಸಿರು, ನೀಲಿ ಅಂತಾರೆ. ಯಾರನ್ನ ನಂಬಲಿ?" ಅಂತ ಕೇಳಿದ್ದೆ. ಆಮೇಲೆ ಹೇಳ್ತೀನಿ ಅಂದು ಫೋನ್ ಇಟ್ಟುಬಿಟ್ಟೆ. ಇವತ್ತು ಅಂಗಡಿಗೆ ರಜೆ. ಕೂತು ಬರೆಯುತ್ತಿದ್ದೇನೆ.

ಇಬ್ಬರನ್ನೂ ನಂಬು. ಮೊಬೈಲ್ ಪರದೆ ತಾನೇ ಬೆಳಕು ಕೊಡುತ್ತದೆ. ಬೆಳಕಿಗೆ ಬೆಳಕು ಸೇರಿದರೆ ಹೊಳಪು ಜಾಸ್ತಿ ಆಗುತ್ತದೆ. ಮೂರೂ ಸೇರಿದರೆ ಬಿಳಿ. ಕೆಂಪು ಬೆಳಕು, ಹಸಿರು ಬೆಳಕು ಸೇರಿದರೆ ಹಳದಿ ಕಾಣುತ್ತದೆ! ಬಟ್ಟೆ, ಪೇಂಟು ಹಾಗಲ್ಲ. ಅವು ಬೆಳಕನ್ನು ತಿನ್ನುತ್ತವೆ. ಹಳದಿ ಬಟ್ಟೆ ಬೆಳಕಿನೊಳಗಿನ ನೀಲಿಯನ್ನು ನುಂಗಿ ಉಳಿದದ್ದನ್ನು ವಾಪಸ್ ಕೊಡುತ್ತದೆ. ಅದಕ್ಕೇ ಪೇಂಟಿಗೆ ಪೇಂಟು ಬೆರೆಸುತ್ತಾ ಹೋದರೆ ಕೊನೆಗೆ ಮಣ್ಣಿನ ಬಣ್ಣ ಬರುತ್ತದೆ, ಅಲ್ವಾ?

ನೀನು ಚಿಕ್ಕವಳಿದ್ದಾಗ ಆರತಿ ತಟ್ಟೆ ನೋಡಿ ಕೇಳಿದ್ದೆ. ಅರಿಶಿನದ ನೀರಿಗೆ ಬಿಳಿ ಸುಣ್ಣ ಹಾಕಿದರೆ ಕೆಂಪು ಯಾಕೆ ಆಗುತ್ತೆ ಅಂತ. ಅದು ಬಣ್ಣ ಬೆರೆಯುವ ಲೆಕ್ಕವೇ ಅಲ್ಲ. ಸುಣ್ಣ ಕ್ಷಾರ, ಅದು ತಗುಲಿದರೆ ಅರಿಶಿನದ ಬಣ್ಣವೇ ಬದಲಾಗುತ್ತದೆ. ಅವತ್ತು ನನಗೆ ಗೊತ್ತಿರಲಿಲ್ಲ.

ಚೌಕಿಪೇಟೆಯ ಈ ಅಂಗಡಿಯಲ್ಲಿ ಇಪ್ಪತ್ತು ವರ್ಷ ಬ್ಲೌಸ್ ಹೊಲಿದು ನಾನು ಕಲಿತದ್ದು ಬೇರೆ. ಬಣ್ಣ ಎಂದೂ ಒಂಟಿಯಾಗಿ ಇರುವುದಿಲ್ಲ. ಒಬ್ಬರು ಬದನೆಕಾಯಿ ಬಣ್ಣದ ಸೀರೆ ತಂದಿದ್ದರು. ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಹೊಂದಿಸಿ ಹೊಲಿದುಕೊಟ್ಟೆ. ಮದುವೆಮನೆಯ ಅಂಗಳದಲ್ಲಿ, ಬಿಸಿಲಿನಲ್ಲಿ, ಬ್ಲೌಸ್ ಕೆಂಪಗೆ ಕಂಡಿತಂತೆ. ಆಕೆ ಬಂದು ಅತ್ತುಬಿಟ್ಟರು. ಎರಡು ಬಟ್ಟೆಗೂ ಹಾಕಿದ ಬಣ್ಣದ ಪುಡಿ ಬೇರೆ ಬೇರೆ. ಒಂದು ಬೆಳಕಿನಲ್ಲಿ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಇನ್ನೊಂದರಲ್ಲಿ ಸಂಬಂಧವೇ ಇಲ್ಲ. ಇದಕ್ಕೆ ಮೆಟಾಮೆರಿಸಂ ಅನ್ನುತ್ತಾರಂತೆ. ಅವತ್ತಿನಿಂದ ಎಷ್ಟೇ ಗಿರಾಕಿ ಇರಲಿ, ಬಟ್ಟೆಯನ್ನು ಬಾಗಿಲ ಹೊರಗೆ ಹಿಡಿದು ನೋಡದೆ ಕತ್ತರಿ ಹಾಕುವುದಿಲ್ಲ.

ನೀನು ಕಳಿಸಿದ ಪುಟಗಳಲ್ಲಿ ಶೆವ್ರಲ್ ಕಥೆ ಓದಿ ತುಂಬಾ ಖುಷಿಯಾಯಿತು. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರಸಾಯನ ತಜ್ಞ. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ಏನೂ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಯಿಂದಾಗಿ ಕಪ್ಪು ಸೊರಗಿ ಕಾಣುತ್ತಿತ್ತು. ಆತ ಇದನ್ನೆಲ್ಲ 1839ರಲ್ಲಿ ಪುಸ್ತಕ ಮಾಡಿದ. ನೀನೂ ಮಾಡಿ ನೋಡು. ಒಂದೇ ಬೂದು ಬಟ್ಟೆಯ ಎರಡು ಚೂರು ತಗೋ. ಒಂದನ್ನು ಕಡುಗೆಂಪಿನ ಮೇಲೆ, ಇನ್ನೊಂದನ್ನು ಹಸಿರಿನ ಮೇಲೆ ಇಡು. ಕೆಂಪಿನ ಮೇಲಿನದು ಹಸಿರು ತಿರುಗಿದ ಹಾಗೆ, ಹಸಿರಿನ ಮೇಲಿನದು ಸ್ವಲ್ಪ ಕೆಂಪಗೆ ಕಾಣುತ್ತದೆ. ಬಣ್ಣಗಳನ್ನು ದುಂಡಗೆ ಜೋಡಿಸಿದ ಬಣ್ಣದ ಚಕ್ರದಲ್ಲಿ ಎದುರುಬದುರು ಕೂತವು ಒಂದನ್ನೊಂದು ಎತ್ತಿ ತೋರಿಸುತ್ತವೆ. ಕೆಂಪು ಸೀರೆಗೆ ಹಸಿರು ಅಂಚು ಅಷ್ಟು ಎದ್ದು ಕಾಣುವುದು ಅದಕ್ಕೇ.

ಅಜ್ಜಿಯ ಮೊಳಕಾಲ್ಮೂರು ಸೀರೆ ನೆನಪಿದೆಯಾ? ಉದ್ದಕ್ಕೆ ಓಡುವ ಹಾಸಿನ ಎಳೆ ಕೆಂಪು, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ನೀಲಿ. ದೂರದಿಂದ ನೋಡಿದರೆ ನೇರಳೆ. ಹತ್ತಿರ ಹೋದರೆ ನೇರಳೆ ಎಳೆ ಒಂದೂ ಇಲ್ಲ. ಆ ನೇರಳೆ ಹುಟ್ಟುವುದು ನಮ್ಮ ಕಣ್ಣಿನಲ್ಲಿ. ಅಜ್ಜಿ ನಡೆದಾಗ ನೆರಿಗೆಯಲ್ಲಿ ಒಮ್ಮೆ ಕೆಂಪು, ಒಮ್ಮೆ ನೀಲಿ ಆಡುತ್ತಿತ್ತು. ಆ ನೇಕಾರರು ಚಕ್ರದ ಚಿತ್ರ ನೋಡಿ ಕಲಿತವರಲ್ಲ. ಅವರ ಕೈಗೆ ಅದು ಗೊತ್ತಿತ್ತು.

ಇನ್ನು ಬಣ್ಣದ ಅರ್ಥ. ಕೆಂಪು ಅಂದರೆ ಸಿಟ್ಟು, ನೀಲಿ ಅಂದರೆ ಶಾಂತಿ ಅಂತ ಪಟ್ಟಿ ಕೊಟ್ಟರೆ ಪರೀಕ್ಷೆಗೆ ಓದಿಕೋ, ಆದರೆ ಅಲ್ಲಿಗೇ ನಿಲ್ಲಬೇಡ. ಸಿಗ್ನಲ್ಲಿನ ಕೆಂಪು ನಿಲ್ಲು ಅನ್ನುತ್ತದೆ. ಚೀನಾದಲ್ಲಿ ಮದುಮಗಳು ಕೆಂಪು ಉಡುತ್ತಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಧಾರೆ ಸೀರೆ ಬಿಳಿ. ಗಂಡ ಸತ್ತವಳಿಗೆ ಉಡಿಸುತ್ತಿದ್ದದ್ದೂ ಬಿಳಿಯೇ.

ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಗಂಡ ತೀರಿಕೊಂಡು ವರ್ಷ ಕಳೆದಿದ್ದ ಒಬ್ಬ ಹೆಂಗಸು ಅಂಗಡಿಗೆ ಬಂದರು. ಅವರು ಬಾಯಿ ಬಿಡುವ ಮೊದಲೇ ನನ್ನ ಕೈ ಬೂದು, ತಿಳಿಗಂದು ಥಾನುಗಳನ್ನು ಅವರ ಮುಂದೆ ಹಾಸಿತ್ತು. ಅವರು ಸುಮ್ನೆ ನೋಡಿದರು. ಆಮೇಲೆ ಮೇಲಿನ ಸಾಲಿನ ಗಿಳಿಹಸಿರು ತೋರಿಸಿ, "ಅದು ಕೊಡಕ್ಕಾ" ಅಂದರು. ನನಗೆ ತಲೆ ಎತ್ತಲು ಆಗಲಿಲ್ಲ. ಆ ಬಟ್ಟೆಗಳಿಗೆ ದುಃಖ ಗೊತ್ತಿರಲಿಲ್ಲ ಮಗಳೇ. ಅದನ್ನು ಅವುಗಳ ಮೇಲೆ ಹೊದಿಸಿದ್ದು ನಾನು. ಆ ಬ್ಲೌಸನ್ನು ಎಷ್ಟು ಜೋಪಾನವಾಗಿ ಹೊಲಿದೆನೆಂದರೆ, ಅಷ್ಟು ಜೋಪಾನವಾಗಿ ನಿನ್ನ ಲಂಗವನ್ನೂ ಹೊಲಿದಿರಲಿಲ್ಲ.

ಆ ಗಿಳಿಹಸಿರಿನ ಒಂದು ಚೂರು ಇಷ್ಟು ವರ್ಷ ಡಬ್ಬಿಯಲ್ಲಿತ್ತು. ಈ ಪತ್ರದೊಳಗೆ ಇಟ್ಟಿದ್ದೇನೆ. ಹಾಸ್ಟೆಲ್ ರೂಮಿನ ಲೈಟಿನಲ್ಲಿ ಬಿಚ್ಚಬೇಡ, ಬಾಗಿಲ ಹೊರಗೆ ಹಿಡಿದು ನೋಡು.

ನಿನ್ನ,
ಅವ್ವ