ಹುಣ್ಣಿಮೆಯಿಂದ ಬಲಿಪಾಡ್ಯಮಿಗೆ ಒಂದು ಟೆಲಿಫಿಲ್ಮ್

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿ ಬಂತೆಂದರೆ ನಮ್ಮ ವಾಹಿನಿಗಳಲ್ಲಿ ಧಾರಾವಾಹಿಗಳ ಮಹಾಸಂಚಿಕೆ, ಹಲವು ಸಲ ನೋಡಿದ ಸಿನಿಮಾ, ತಾರೆಯರ ಹಬ್ಬದೂಟ. ಅದೇ ಕಾಲಕ್ಕೆ ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ ಹಿಂದೆ ‘ಫಾಲ್ ಹಾರ್ವೆಸ್ಟ್’ ಎಂಬ, ಈಚೆಗೆ ಬೇರೆ ಹೆಸರಿನಲ್ಲಿ, ಟಿ.ವಿ.ಗೆಂದೇ ತೆಗೆದ ತಿಳಿಯಾದ ಪ್ರೇಮಕಥೆಗಳನ್ನು ಸಾಲಾಗಿ ಹಾಕುತ್ತದೆ. ಮನೆಮಂದಿಯೆಲ್ಲ ಕೂತು ನೋಡುವಂಥವು. ಹೊಡೆದಾಟವಿಲ್ಲ, ವಿಷ ಬೆರೆಸುವ ನಾದಿನಿಯಿಲ್ಲ, ಆಸ್ಪತ್ರೆಯ ಕಾರಿಡಾರಿಲ್ಲ. ಇಂಥದ್ದೊಂದು ಕನ್ನಡ ಟೆಲಿಫಿಲ್ಮ್ ವರ್ಷಕ್ಕೊಂದಾದರೂ ಚಿಕ್ಕಮಗಳೂರು, ಹಾಸನದ ಮಲೆನಾಡಿನಲ್ಲಿ ಆಗಬೇಕು ಎಂಬುದು ನಮ್ಮ ಕೋರಿಕೆ. ತೆಗೆಯುವುದಾದರೆ ಎಲ್ಲಿ ಎಡವುತ್ತಾರೆ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಆ ಚಿತ್ರಗಳ ಕಟ್ಟು ಸರಳ. ಎರಡು ಗಂಟೆಯ ಪ್ರಸಾರದಲ್ಲಿ ಚಿತ್ರದ ಪಾಲು ಸುಮಾರು 84 ನಿಮಿಷ. ಜಾಹೀರಾತಿಗೆ ಜಾಗ ಬಿಟ್ಟು ಕಥೆಯನ್ನು ಒಂಬತ್ತು ತುಂಡು ಮಾಡಿರುತ್ತಾರೆ. ಚಿತ್ರೀಕರಣ ಸಾಮಾನ್ಯವಾಗಿ 15 ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಪಟ್ಟಣದಲ್ಲಿ ದುಡಿಯುವ ಹುಡುಗಿ ಊರಿಗೆ ಬರುತ್ತಾಳೆ, ಸೇಬಿನ ತೋಟವೋ ಕುಂಬಳದ ಹೊಲವೋ ಮಾರಾಟಕ್ಕೆ ಬಂದಿರುತ್ತದೆ, ಊರಿನಲ್ಲೇ ಉಳಿದ ಹುಡುಗನೊಬ್ಬ ಇರುತ್ತಾನೆ, ಸುಗ್ಗಿಯ ಜಾತ್ರೆಗೆ ಇಷ್ಟು ದಿನ ಎಂಬ ಗಡುವಿರುತ್ತದೆ. ಕೊನೆ ಏನೆಂದು ಮೊದಲ ಹತ್ತು ನಿಮಿಷದಲ್ಲೇ ತಿಳಿಯುವುದರಿಂದ ನೋಡುವವರ ಕಣ್ಣು ಕಥೆಗಿಂತ ಹೆಚ್ಚಾಗಿ ಆ ಊರಿನ ಮೇಲೆ, ಅಡುಗೆಮನೆಯ ಮೇಲೆ, ಋತುವಿನ ಮೇಲೆ ನೆಟ್ಟಿರುತ್ತದೆ. ಹಾಗಾಗಿ ಇಂಥ ಚಿತ್ರದಲ್ಲಿ ಋತು ಸುಳ್ಳಾದರೆ ಮತ್ತೇನು ಸರಿಯಿದ್ದರೂ ಪ್ರಯೋಜನವಿಲ್ಲ.

ಮೊದಲ ಎಡವಟ್ಟು ಹೆಸರಿನಲ್ಲೇ ಇದೆ. ಅವರ ‘ಫಾಲ್’ ಎಂದರೆ ಎಲೆ ಉದುರುವ ಕಾಲ. ಅದನ್ನು ನಾವು ಶರತ್ಕಾಲ ಎನ್ನುತ್ತೇವೆ. ನಮ್ಮ ಶರದೃತು ಆಶ್ವಯುಜ, ಕಾರ್ತಿಕ. ಮಳೆಗಾಲ ಕಳೆದು ಆಕಾಶ ತೊಳೆದಿಟ್ಟಂತೆ ಇರುವ, ಗದ್ದೆಯಲ್ಲಿ ಭತ್ತ ಹೊಡೆಯಾಗಿರುವ, ಕಾಡು ಕಡುಹಸಿರಾಗಿರುವ ಕಾಲ. ಎಲೆ ಉದುರುವುದು ಶಿಶಿರದಲ್ಲಿ, ಮಾಘ, ಫಾಲ್ಗುಣಕ್ಕೆ. ಆದ್ದರಿಂದ ಅಕ್ಟೋಬರ್ ತಿಂಗಳ ತೋಟದಲ್ಲಿ ಕೆಂಪು ಪ್ಲಾಸ್ಟಿಕ್ ಎಲೆ ಹರಡಿ ನಾಯಕಿಯನ್ನು ನಡೆಸಿದರೆ ಮೂಡಿಗೆರೆಯ ಮಕ್ಕಳಿಗೂ ಅದು ಸುಳ್ಳೆಂದು ಗೊತ್ತಾಗುತ್ತದೆ. ನಮ್ಮ ಶರತ್ತಿನ ಬಣ್ಣಗಳು ಬೇರೆ. ಸಿಲ್ವರ್ ಓಕ್ ಎಲೆಯ ಬೆನ್ನಿನ ಬೆಳ್ಳಿ, ಅಂಗಳದ ಚೆಂಡುಹೂ, ಸೇವಂತಿಗೆ, ಬಲಿಯುತ್ತಿರುವ ಕಿತ್ತಳೆ, ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಹಸಿರು ಕಾಳುಮೆಣಸಿನ ಗೊಂಚಲು. ಕ್ಯಾಮೆರಾಕ್ಕೆ ಇಷ್ಟು ಧಾರಾಳ ಸಾಕು.

ಎರಡನೆಯದು ಕಾಫಿಯ ವಿಚಾರ. ತೋಟದ ಕಥೆಗಳಲ್ಲಿ ಬಿಳಿ ಹೂವಿನ ಹಾಡು, ಅದರ ಬೆನ್ನಿಗೇ ಕೆಂಪು ಹಣ್ಣಿನ ಕೊಯ್ಲು ಬರುವುದುಂಟು. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದು ಫೆಬ್ರುವರಿಯಿಂದ ಏಪ್ರಿಲ್ ನಡುವೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂ ಅರಳಿ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಅಲ್ಲಿಂದ ಅರೇಬಿಕಾ ಜಾತಿಯ ಕಾಫಿ ಹಣ್ಣಾಗಲು ಎಂಟರಿಂದ ಒಂಬತ್ತು ತಿಂಗಳು, ರೋಬಸ್ಟಾಗೆ ಹತ್ತು ಹನ್ನೊಂದು. ಅಂದರೆ ಅರೇಬಿಕಾ ಕೊಯ್ಲಿನ ಭರಾಟೆ ನವೆಂಬರ್ ಕೊನೆಯಿಂದ ಜನವರಿ, ರೋಬಸ್ಟಾ ಆಮೇಲೆ. ಅಕ್ಟೋಬರಿನಲ್ಲಿ ಸಿಗುವುದು ಫ್ಲೈ ಪಿಕ್ಕಿಂಗ್ ಮಾತ್ರ: ಗೊಂಚಲಿನಲ್ಲಿ ಅಲ್ಲೊಂದು ಇಲ್ಲೊಂದು ಮೊದಲೇ ಹಣ್ಣಾದದ್ದನ್ನು ಆಯ್ದು ಕುಯ್ಯುವುದು. ಪ್ರೇಮಕಥೆಗೆ ಇದು ದೇವರು ಕೊಟ್ಟ ಕೆಲಸ. ಆಳುಗಳ ಸಾಲಿಲ್ಲ, ಅವಸರವಿಲ್ಲ. ಇಬ್ಬರು ಒಂದೊಂದೇ ಗಿಡ ಹುಡುಕುತ್ತ ಮಾತಾಡುತ್ತ ಹೋಗಬಹುದು.

ಇನ್ನು ಗಡುವು. ಕುಂಬಳದ ಜಾತ್ರೆಯನ್ನು ಎರವಲು ತರಬೇಕಿಲ್ಲ. ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ, ಭತ್ತದ ಪೈರಿಗೆ ಬಸುರಿಯ ಬಯಕೆಯೂಟ. ಆ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ನಂತರ ಮತ್ತೆ ಒಂದು ವರ್ಷಕ್ಕೆ ಮುಚ್ಚುತ್ತದೆ. ನಡುವೆ ನರಕ ಚತುರ್ದಶಿಯ ಸುಮಾರಿಗೆ ಮಲ್ಲೇನಹಳ್ಳಿಯ ಹತ್ತಿರದ ದೇವಿರಮ್ಮನ ಬೆಟ್ಟ ಹತ್ತುವುದು. ಹುಣ್ಣಿಮೆಯಿಂದ ಬಲಿಪಾಡ್ಯಮಿಗೆ ಹದಿನೈದು ಹದಿನಾರು ದಿನ, ಬಾಗಿಲು ಮುಚ್ಚುವುದರೊಳಗೆ ಒಂದು ಮಾತು ಹೇಳಿಯಾಗಬೇಕು. ಇದಕ್ಕಿಂತ ಚೆಂದದ ಗಡುವನ್ನು ಯಾವ ಬರಹಗಾರ ಕಟ್ಟಿಯಾನು? ಆದರೆ ಹಾಸನಾಂಬೆಯ ಸಾಲಿನಲ್ಲಾಗಲಿ, ಬೆಟ್ಟದ ಕಡಿದಾದ ದಾರಿಯಲ್ಲಾಗಲಿ ಆ ದಿನಗಳಲ್ಲಿ ನಟರನ್ನು ನಿಲ್ಲಿಸಿ ಚಿತ್ರೀಕರಿಸಲು ಹೋಗಬಾರದು. ಅಲ್ಲಿನ ಜನಸಾಗರದಲ್ಲಿ ಯಾರಿಗಾದರೂ ಪೆಟ್ಟಾದೀತು. ಹೊರಡುವ ಮನೆಯ ಗಡಿಬಿಡಿ, ಬಸ್‌ಸ್ಟ್ಯಾಂಡು, ಮರಳಿ ಬಂದವರ ಕೈಯ ಪ್ರಸಾದ ಇಷ್ಟರಲ್ಲೇ ಕಥೆ ನಡೆಯುತ್ತದೆ.

ಈ ಗಡುವಿನೊಳಗೆ ಕಾಫಿ ಪೂರ್ತಿ ಕೆಂಪಾಗಿರುವುದಿಲ್ಲ ಎಂಬುದೇ ತೊಡಕು. ಅದಕ್ಕೆ ಚಿತ್ರೀಕರಣವನ್ನು ಎರಡು ಕಂತು ಮಾಡಬೇಕು: ಹಬ್ಬದ ಭಾಗಕ್ಕೆ 12 ದಿನ, ಡಿಸೆಂಬರ್ ಮೊದಲ ವಾರ ಕೊಯ್ಲಿಗೆ ಮೂರು ದಿನ. ಕಥೆಯ ಕೊನೆಯ ಹತ್ತು ನಿಮಿಷ ‘ಒಂದು ತಿಂಗಳ ಮೇಲೆ’ ಎಂದು ಸಾಗಲಿ. ಪಂಚಾಂಗವನ್ನೂ ನೋಡಿಕೊಳ್ಳಬೇಕು. 2025ರಲ್ಲಿ ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠದಿಂದಾಗಿ ನವೆಂಬರ್ 10ಕ್ಕೆ. ಅಧಿಕಮಾಸದ ವರ್ಷ ದೀಪವೂ ಕೆಂಪು ಹಣ್ಣೂ ಹತ್ತಿರ ಬರುತ್ತವೆ, ಎರಡನೆಯ ಕಂತಿನ ಖರ್ಚು ಇಳಿಯುತ್ತದೆ.

ದಿನದ ವೇಳೆಯನ್ನು ಮಳೆ ನಕ್ಷತ್ರ ನೋಡಿ ಹಾಕಬೇಕು. ಚಿತ್ತಾ, ಸ್ವಾತಿ ಮಳೆಗಳು ಬೆಳಿಗ್ಗೆ ಬಿಸಿಲು ಕೊಟ್ಟು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಸುರಿಯುವ ಜಾತಿ. ಹೊರಾಂಗಣವನ್ನು ಬೆಳಿಗ್ಗೆ ಏಳರಿಂದ ಒಂದು ಗಂಟೆಯೊಳಗೆ ಮುಗಿಸಿ, ಮಧ್ಯಾಹ್ನಕ್ಕೆ ಅಡುಗೆಮನೆ, ಜಗಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ದೃಶ್ಯ ಇಟ್ಟುಕೊಂಡರೆ ದಿನ ಹಾಳಾಗದು. ಮರದ ನೆರಳಿನಡಿ ಬೆಳಕು ಇನ್ನೊಂದು ಕಷ್ಟ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆ ಮುಖದ ಮೇಲೆ ಅರ್ಧ ಬೆಳಗಿ ಅರ್ಧ ಕಪ್ಪಾಗಿಸುತ್ತದೆ, ಗಾಳಿ ಬಂದರೆ ಚುಕ್ಕೆ ಓಡಾಡಿ ಒಂದು ಶಾಟಿಗೆ ಇನ್ನೊಂದು ಕೂಡುವುದಿಲ್ಲ. ನಟರ ತಲೆಯ ಮೇಲೆ ಹನ್ನೆರಡು ಅಡಿಯ ಬಿಳಿ ಬಟ್ಟೆ ಬಿಗಿದರೆ ಬಿಸಿಲು ಹದವಾಗುತ್ತದೆ. ಕಣಿವೆಯ ತೋಟದಲ್ಲಿ ಸಂಜೆ ನಾಲ್ಕೂವರೆಗೇ ಬೆಳಕು ಹೋಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೇ ಹೆಚ್ಚು.

ಗಿಡದ ಆಯ್ಕೆಯೂ ಮುಖ್ಯ. ಹಳೆಯ ಎಸ್.795 ತಳಿಯ ಕಾಫಿ ಗಿಡಗಳ ತಲೆ ಕಡಿದಿರುವುದು ಸುಮಾರು ಐದಡಿಗೆ, ಅದರ ಹಿಂದೆ ನಿಂತವರ ಮುಖವೇ ಕಾಣುವುದಿಲ್ಲ. ಗಿಡದ ಆಚೆ ಈಚೆ ನಿಂತು ಮಾತಾಡುವ ದೃಶ್ಯಕ್ಕೆ ಚಂದ್ರಗಿರಿಯಂಥ ಕುಳ್ಳ ತಳಿಯ, ಮೂರು ನಾಲ್ಕು ವರ್ಷದ ಬ್ಲಾಕ್ ಹುಡುಕಬೇಕು. ಕುಯ್ಯುವುದನ್ನು ನಟರಿಗೆ ಅರ್ಧ ದಿನವಾದರೂ ಕಲಿಸಲೇಬೇಕು. ಹಣ್ಣನ್ನು ಬೆರಳ ತುದಿಯಲ್ಲಿ ತಿರುಚಿ ಬಿಡಿಸುವುದೇ ಸರಿ. ರೆಂಬೆಯನ್ನು ಹಿಡಿದು ಸರ್ರನೆ ಎಳೆದರೆ ಎಲೆ, ಕಾಯಿ, ಮುಂದಿನ ವರ್ಷದ ಮೊಗ್ಗಿನ ಗಣ್ಣು ಎಲ್ಲ ಕಿತ್ತು ಬರುತ್ತದೆ. ಬುಟ್ಟಿಯೋ ಚೀಲವೋ ಸೊಂಟಕ್ಕೆ ಕಟ್ಟಿರಬೇಕು, ಎರಡೂ ಕೈ ಬಿಡುವಾಗಿರಬೇಕು. ಒಂದು ಕೈಯಲ್ಲಿ ಬಣ್ಣದ ಬುಟ್ಟಿ ಹಿಡಿದು ಇನ್ನೊಂದರಲ್ಲಿ ಎರಡು ಹಣ್ಣು ಚಿವುಟುವ ನಾಯಕಿ ತೋಟದವಳಲ್ಲ. ಸೀರೆಯ ಮೇಲೆ ತುಂಬುತೋಳಿನ ಅಂಗಿ, ತಲೆಗೆ ಟವೆಲ್, ಇದು ಕೆಲಸದವರ ನಿಜವಾದ ಉಡುಪು. ಕುಯ್ದ ಗಿಡದಲ್ಲಿ ರೀಟೇಕ್ ಇಲ್ಲವಾದ್ದರಿಂದ ಇಪ್ಪತ್ತು ಗಿಡಗಳನ್ನು ಮುಟ್ಟದೆ ಉಳಿಸಲು ತೋಟದವರಿಗೆ ಮೊದಲೇ ಹೇಳಿ, ಆ ಹಣ್ಣಿನ ಬೆಲೆ ಕೊಡಬೇಕು. ಹಣ್ಣು ತಡೆದರೆ ಒಣಗಿ ನೆಲಕ್ಕೆ ಬೀಳುತ್ತದೆ, ನಷ್ಟ ಅವರದು.

ಅಮೆರಿಕದ ಚಿತ್ರಗಳಲ್ಲಿ ಕೊನೆಯ ಕಾಲುಭಾಗಕ್ಕೆ ಮುನ್ನ ಒಂದು ತಪ್ಪು ತಿಳಿವಳಿಕೆ ಬರುತ್ತದೆ, ಬಹಳ ಸಲ ಅರ್ಧ ಕೇಳಿಸಿಕೊಂಡ ಫೋನ್ ಮಾತಿನಿಂದ. ಅಲ್ಲಿ ಅವು ಸಪ್ಪೆಯಾಗುತ್ತವೆ. ನಮ್ಮ ಕಣ ಅದಕ್ಕಿಂತ ಒಳ್ಳೆಯ ಬಿಕ್ಕಟ್ಟು ಕೊಡುತ್ತದೆ. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡಿ, 24ರಿಂದ 36 ಗಂಟೆ ತೊಟ್ಟಿಯಲ್ಲಿ ಹುದುಗಲು ಬಿಟ್ಟು, ಹಿಡಿಯಲ್ಲಿ ಹಿಸುಕಿದಾಗ ಅಂಟದೆ ಮರಳಿನಂತೆ ಗರಗರ ಎಂದರೆ ತೊಳೆದು, ಕಣದಲ್ಲಿ ತೆಳ್ಳಗೆ ಹರಡುತ್ತಾರೆ. ಗಂಟೆಗೊಮ್ಮೆ ಕೈಯಾಡಿಸಬೇಕು, ಸಂಜೆ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು. ಒಳ್ಳೆಯ ಬಿಸಿಲಿದ್ದರೆ ಈ ಹೊಟ್ಟುಸಹಿತ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಲು ಏಳರಿಂದ ಹತ್ತು ದಿನ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನವೆಂಬರ್, ಡಿಸೆಂಬರಿನಲ್ಲಿ ಅಕಾಲ ಮಳೆ ಬಂತೆಂದರೆ ಗಿಡದ ಹಣ್ಣು ಬಿರಿದು ಉದುರುತ್ತದೆ, ಕಣದಲ್ಲಿದ್ದದ್ದು ನೆನೆದು ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆಯ ಬೆಲೆ ಬೀಳುತ್ತದೆ. ರಾತ್ರಿ ಹನಿ ಬಿದ್ದ ಸದ್ದಿಗೆ, ಮಾತು ಬಿಟ್ಟಿದ್ದ ಇಬ್ಬರೂ ಎದ್ದು ಓಡಿ ಒಂದೇ ಟಾರ್ಪಾಲಿನ ಎರಡು ತುದಿ ಹಿಡಿದರೆ ಸಾಕು, ಯಾರೂ ಕ್ಷಮೆ ಕೇಳಬೇಕಾಗಿಲ್ಲ. ಈ ದೃಶ್ಯಕ್ಕೆ ನಿಜವಾದ ಕಾಫಿ ನೆನೆಸಬೇಡಿ. ಅಂಚಿಗೆ ಮಾತ್ರ ಹರಡಿ, ನಡುವೆ ಹೊಟ್ಟು ತುಂಬಿದ ಚೀಲ ಇಟ್ಟು ಮುಚ್ಚಿದರೆ ಗುಡ್ಡೆಯಂತೆಯೇ ಕಾಣುತ್ತದೆ. ಕೊಪ್ಪ, ಶೃಂಗೇರಿ ಕಡೆಗೆ ಕಥೆ ಇಟ್ಟರೆ ಅಡಿಕೆ ಕೊಯ್ಲೂ ಇದೇ ಕಾಲ. ಮೆಟ್ಟುಗತ್ತಿಯ ಮುಂದೆ ಊರಿನವರೆಲ್ಲ ಸಾಲಾಗಿ ಕೂತು ರಾತ್ರಿ ಅಡಿಕೆ ಸುಲಿಯುವಾಗ ನಡೆಯುವ ತಮಾಷೆ, ಒಗಟು, ಸುದ್ದಿ, ಇದು ತಾನಾಗಿಯೇ ಬರುವ ಹಾಸ್ಯ. ಇಂಥ ದೃಶ್ಯಕ್ಕೆ ಹಾಸ್ಯನಟನನ್ನು ಬೇರೆ ತರಿಸಿ ಕುಣಿಸಬೇಕಿಲ್ಲ.

ಕುಂಬಳಕಾಯಿ ಬೇಕೇ ಬೇಕೆನ್ನುವವರಿಗೆ ನಮ್ಮಲ್ಲೂ ಸಿಹಿಗುಂಬಳದ ಕಡುಬಿದೆ. ತುರಿದ ಕುಂಬಳ ಎರಡು ಪಾವಾದರೆ ಅಕ್ಕಿತರಿ ಒಂದು ಪಾವು, ಬೆಲ್ಲ ಮುಕ್ಕಾಲು ಪಾವು, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ತುರಿ ತಾನೇ ನೀರು ಬಿಡುವುದರಿಂದ ನೀರು ಹಾಕಬಾರದು, ಹಾಕಿದರೆ ಬೆಂದ ಮೇಲೂ ಮೆತ್ತಗೆ ಅಂಟುತ್ತದೆ. ಬಾಳೆಲೆಯಲ್ಲಿ ಮಡಿಸಿ ಅರ್ಧ ಗಂಟೆ ಹಬೆಯಲ್ಲಿಡಬೇಕು. ಎಲೆ ಬಿಚ್ಚಿದಾಗ ಏಳುವ ಹಬೆ ಕ್ಯಾಮೆರಾಕ್ಕೆ ಕಾಣುವುದು ಎರಡು ನಿಮಿಷ ಮಾತ್ರ, ಅದೂ ಹಿಂದಿನಿಂದ ಬೆಳಕಿದ್ದರೆ. ಪಕ್ಕದ ಒಲೆಯ ಮೇಲೆ ಇನ್ನೊಂದು ಹಬೆಪಾತ್ರೆ ಕುದಿಯುತ್ತಲೇ ಇರಲಿ.

ಉಂಬಳ (ಜಿಗಣೆ) ಅಕ್ಟೋಬರಿನಲ್ಲಿ ಇನ್ನೂ ಇರುತ್ತದೆ, ಉದ್ದ ಕಾಲುಚೀಲ ಮತ್ತು ಹೊಗೆಸೊಪ್ಪು-ಸುಣ್ಣದ ನೀರು ತಂಡಕ್ಕೆ ಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆಯ ಸಂಚಾರವಿದೆ. ಅರಣ್ಯ ಇಲಾಖೆಯವರ ಮಾತು ಕೇಳದೆ ಮುಂಜಾನೆ, ಮುಸ್ಸಂಜೆ ತೋಟಕ್ಕೆ ಇಳಿಯಬಾರದು. ರಾತ್ರಿಯ ದೃಶ್ಯವೆಲ್ಲ ಮನೆಯಂಗಳದಲ್ಲೇ ಆಗಲಿ. ಮಂಜಿನಲ್ಲಿ ಬೆಚ್ಚನೆಯ ಕೋಣೆಯಿಂದ ಕ್ಯಾಮೆರಾ ತಂದರೆ ಲೆನ್ಸ್ ಬೆವರುವುದಿಲ್ಲ, ತಣ್ಣನೆಯ ಎ.ಸಿ. ಕಾರಿನಿಂದ ತೇವದ ಗಾಳಿಗೆ ತಂದರೆ ಬೆವರುತ್ತದೆ. ಪೆಟ್ಟಿಗೆ ಮುಚ್ಚಿಟ್ಟೇ ಅರ್ಧ ಗಂಟೆ ಬಿಡಬೇಕು. ಬೇಲೂರು, ಹಳೇಬೀಡಿನಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. 2023ರಲ್ಲಿ ಅವು ವಿಶ್ವಪರಂಪರೆಯ ಪಟ್ಟಿ ಸೇರಿವೆ. ಮನಸ್ಸು ಕೇಳಿದರೆ ಒಂದು ಮಾತು: ಈ ಕಥೆಗೆ ದೇವಸ್ಥಾನದ ಶಿಲ್ಪಕ್ಕಿಂತ ತೋಟದ ಕೆಲಸದವರ ಲೈನ್ ಮನೆಯ ಮುಂದಿನ ಕಟ್ಟೆಯೇ ಹೆಚ್ಚು ಒದಗುತ್ತದೆ.

ಮಾತಿನ ಬಗ್ಗೆಯೂ ಬೇಡಿಕೆಯಿದೆ. ತೋಟದಲ್ಲಿ ಲೆಕ್ಕ ಬರೆಯುವವರನ್ನು ‘ಮ್ಯಾನೇಜರ್ ಅಂಕಲ್’ ಎನ್ನುವುದಿಲ್ಲ, ‘ರೈಟ್ರೇ’ ಎನ್ನುತ್ತಾರೆ. ಕೊಪ್ಪದವರ ‘ಎಂಥ ಮಾರಾಯ್ರೆ’ ಬೇರೆ, ಹಾಸನದ ‘ಕಣಪ್ಪ’ ಬೇರೆ. ಎರಡನ್ನೂ ಒಂದೇ ಬಾಯಲ್ಲಿ ಹಾಕಬೇಡಿ. ಇವತ್ತಿನ ತೋಟಗಳಲ್ಲಿ ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ ಬಂದ ಕೆಲಸದವರಿದ್ದಾರೆ. ಅವರಿಗೂ ಹೆಸರು, ಮಾತು ಇರಲಿ, ಹಾಡಿನ ಹಿನ್ನೆಲೆಯಲ್ಲಿ ಬುಟ್ಟಿ ಹೊತ್ತು ಹಾದುಹೋಗುವುದಷ್ಟೇ ಬೇಡ.

ನಮ್ಮ ದೇಶದ ನಿಯಮದಂತೆ ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ. ಎರಡು ಗಂಟೆಯಲ್ಲಿ 24 ನಿಮಿಷ ಕಳೆದರೂ ಚಿತ್ರಕ್ಕೆ 96 ನಿಮಿಷ ಉಳಿಯುತ್ತದೆ, ಅವರಿಗಿಂತ 12 ನಿಮಿಷ ಹೆಚ್ಚು. ಅದನ್ನು ಹಾಡಿಗೆ ಸುರಿಯದೆ ಕೆಲಸದ ದೃಶ್ಯಗಳಿಗೆ ಕೊಡಲಿ. ಹಬ್ಬಕ್ಕೆ ಪ್ರಸಾರವಾಗಬೇಕಾದ ಚಿತ್ರವನ್ನು ಅದರ ಹಿಂದಿನ ವರ್ಷದ ಹಬ್ಬದಲ್ಲೇ ತೆಗೆದಿರಬೇಕು. ಜುಲೈನಲ್ಲಿ ಬಂದರೆ ಇಲ್ಲಿ ಸಿಗುವುದು ಜಡಿಮಳೆ ಮಾತ್ರ. ಸ್ಥಳ ನೋಡಲು ಹೆಚ್ಚಿನವರು ಬರುವುದು ಹೂವಿನ ಸಮಯಕ್ಕೆ, ಮಾರ್ಚಿನಲ್ಲಿ. ಆಗ ನೆರಳಿನ ಮರಗಳಲ್ಲಿ ಎಲೆ ಕಡಿಮೆ, ತೋಟವೆಲ್ಲ ಬೆಳಕು. ಅದೇ ಜಾಗ ಅಕ್ಟೋಬರಿನಲ್ಲಿ ಕತ್ತಲೆ ಕವಿದಂತಿರುತ್ತದೆ, ಹಳ್ಳದಲ್ಲಿ ಮೊಣಕಾಲುದ್ದ ನೀರಿರುತ್ತದೆ, ಜನರೇಟರ್ ಲಾರಿ ಮಣ್ಣಿನ ರಸ್ತೆಯಲ್ಲಿ ಹೂತುಕೊಳ್ಳುತ್ತದೆ. ದಯವಿಟ್ಟು ಭೂಮಿ ಹುಣ್ಣಿಮೆಯ ವಾರವೇ ಬಂದು, ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ತೋಟದಲ್ಲಿ ನಿಂತು ನೋಡಿ ಜಾಗ ಗೊತ್ತುಮಾಡಿಕೊಳ್ಳಲಿ.

ಇಂತಿ,
ಕಾಫಿ ತೋಟದ ಕೆಲವು ಓದುಗರು
ಚಿಕ್ಕಮಗಳೂರು ಜಿಲ್ಲೆ