ಮಗಳಿಗೊಂದು ಪತ್ರ: ಉದ್ರಿ ಪುಸ್ತಕದ ಒಂದು ಹಾಳೆ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಈ ಪತ್ರವನ್ನು ನಿನ್ನ ಫೈಲಿನಲ್ಲಿ, ಪಾಸ್‌ಪೋರ್ಟಿನ ಹಿಂದೆ ಇಟ್ಟಿದ್ದೇನೆ. ವಿಮಾನದಲ್ಲಿ ಕೂತ ಮೇಲೆ ಓದು. ಎದುರಿಗೆ ನಿಂತು ಹೇಳಲು ಹೋದರೆ ನಿಮ್ಮವ್ವ ಅಳಲು ಶುರು ಮಾಡುತ್ತಾಳೆ. ನಂದೂ ಅದೇ ಗತಿ.

ನಿನ್ನೆ ರಾತ್ರಿ ನೀನು ಮಲಗಿದ ಮೇಲೆ ದೊಡ್ಡ ಬ್ಯಾಗನ್ನು ಅಂಗಡಿಗೆ ಒಯ್ದು ಚೀಲ ತೂಗುವ ತಕ್ಕಡಿ ಮೇಲಿಟ್ಟೆ. 26 ಕಿಲೋ! ಟಿಕೆಟ್‌ನಲ್ಲಿರುವುದು 23. ನಿಮ್ಮವ್ವ ಬಟ್ಟೆ ತೆಗೆದಳೇ ಹೊರತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮುಟ್ಟಲಿಲ್ಲ. ಒಣ ಕೊಬ್ಬರಿ ಮಾತ್ರ ನಾನೇ ತೆಗೆದೆ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ದೊಡ್ಡ ಬ್ಯಾಗಿನಲ್ಲಿ ಬಿಡುವುದಿಲ್ಲ. ಬೆಳಗಾವಿ ಕುಂದಾನೂ ತೆಗೆದೆ. ಹಾಲಿನ ಪದಾರ್ಥವನ್ನು ನಮ್ಮ ದೇಶದಿಂದ ಜರ್ಮನಿಯೊಳಗೆ ಒಯ್ಯುವಂತಿಲ್ಲ. ಬೈಬೇಡ, ಎಲ್ಲ ನಾನು ತಿಂದಿಲ್ಲ. ಅರ್ಧ ಡಬ್ಬಿ ಅಷ್ಟೇ. ಪವರ್ ಬ್ಯಾಂಕ್ ಕೈಚೀಲದಲ್ಲಿದೆ.

ನಾನು ಪರದೇಶ ಕಂಡವನಲ್ಲ. ಆದರೆ ಒಮ್ಮೆ ಊರು ಬಿಟ್ಟಿದ್ದೇನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಓಣಿ ಮುಳುಗಡೆಯಾದಾಗ ನಾವು ಬಂದದ್ದು ಕೆಲವೇ ಕಿಲೋಮೀಟರ್ ದೂರ. ಆದರೂ ಮೊದಲ ದಿನ ನನ್ನ ಮನೆ ನನಗೇ ಸಿಗಲಿಲ್ಲ. ಎಲ್ಲಿ ನೋಡಿದರೂ ನೇರ ರಸ್ತೆ, ಸೆಕ್ಟರ್ ನಂಬರು. ಹಳೇ ಊರಲ್ಲಿ ಗುಡಿ ಹಿಂದೆ, ಬೇವಿನ ಗಿಡದ ಹತ್ತಿರ ಅಂದರೆ ಸಾಕಿತ್ತು. ಒಂದೇ ಓಣಿಯವರು ಬೇರೆ ಬೇರೆ ಸೆಕ್ಟರಿಗೆ ಚದುರಿಹೋದರು. ನನ್ನ ಗಿರಾಕಿಗಳೂ ಹೋದರು, ಉದ್ರಿ ಸಮೇತ!

ನಾಲ್ಕು ತಿಂಗಳು ಹೊಸ ಊರಿಗೆ ಬೈಯುತ್ತಾ ಸುಮ್ನೆ ಕೂತೆ. ಆಮೇಲೆ ಒಂದು ಸಂಜೆ ಉದ್ರಿ ಪುಸ್ತಕ ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದೆ. ದಿನಕ್ಕೆ ಎರಡು ಮನೆ. ಒಬ್ಬರು ಚಹಾ ಕೊಟ್ಟರು. ಇನ್ನೊಬ್ಬರು ಒಳಗೇ ಕೂತು, ಮನೆಯಲ್ಲಿಲ್ಲ ಅಂತ ಮಗನ ಕೈಲಿ ಹೇಳಿಸಿದರು. ವಸೂಲಾದದ್ದು ಅರ್ಧವೂ ಅಲ್ಲ. ಆದರೆ ಹಿಟ್ಟಿನ ಗಿರಣಿ ಎಲ್ಲಿ, ಪಂಕ್ಚರ್ ಯಾರು ತೆಗೆಯುತ್ತಾರೆ, ಯಾವ ತಿರುವಿನಲ್ಲಿ ನಾಯಿ ಬೆನ್ನು ಹತ್ತುತ್ತದೆ, ಎಲ್ಲ ತಿಳಿಯಿತು.

ನಿನ್ನದು ಎರಡು ವರ್ಷದ ಓದು, ಆಮೇಲೆ ಅಲ್ಲೇ ನೌಕರಿ ಅನ್ನುತ್ತೀ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು ಅಂತ ನೀನೇ ಹೇಳಿದ್ದೆ, ಅಲ್ವಾ? ಅದನ್ನು ಬಂದ ದಿನವೇ ಕೇಳು. ಪೋಸ್ಟ್ ಡಬ್ಬಿ ಮೇಲೆ ನಿನ್ನ ಹೆಸರು ಹಚ್ಚು, ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ರವಿವಾರ ಅಲ್ಲಿ ಅಂಗಡಿ ಬಂದ್ ಅಂತೆ. ಆ ಅಂಗಡಿಕಾರರು ಪುಣ್ಯವಂತರು! ಹಾಲು, ಅಕ್ಕಿ ಶನಿವಾರವೇ ತಂದಿಡು.

ಕೆಲಸ ಇಲ್ಲದಿದ್ದರೂ ಸಂಜೆ ಹೊರಗೆ ಬೀಳು. ರೂಮಿನಲ್ಲಿ ಕೂತು ನಮಗೇ ಫೋನ್ ಮಾಡುತ್ತಾ ಇರಬೇಡ. ಮಾಡಲೇಬೇಡ ಅಂತಲ್ಲ ಮತ್ತೆ! ನಾನು ಅಂಗಡಿ ಮುಚ್ಚುವ ಒಂಬತ್ತೂವರೆಗೆ ನಿನಗೆ ಸಂಜೆ ಆರು. ಅಕ್ಟೋಬರ್ ಕೊನೆಯ ರವಿವಾರ ಅವರು ಗಡಿಯಾರ ಒಂದು ತಾಸು ಹಿಂದಿಟ್ಟ ಮೇಲೆ ಐದು.

ಹೆಸರು ಹಚ್ಚಿದ ಪೋಸ್ಟ್ ಡಬ್ಬಿಯ ಫೋಟೊ ಕಳಿಸು, ಯವ್ವಾ. ಉದ್ರಿ ಪುಸ್ತಕದಲ್ಲಿ ನಿನ್ನ ಹೆಸರಿಗೆ ಒಂದು ಹಾಳೆ ಬಿಟ್ಟಿದ್ದೇನೆ. ಮೇಲೆ ವಿಳಾಸಕ್ಕೆ ಜಾಗ ಇದೆ. ಕೆಳಗೆ ಬರೆದಾಗಿದೆ: ಕುಂದಾ, ಅರ್ಧ ಡಬ್ಬಿ, ಅಪ್ಪನಿಂದ ಬಾಕಿ.

ಇಂತಿ,
ನಿಮ್ಮಪ್ಪ